ಕಡುಬಿನ ಪಾತ್ರೆಯಲ್ಲಿ ಬೆಂದ ಇಂಜಿನ್

1966ನೇ ಇಸವಿ. ನಾನು ಮದುವೆಯಾಗಿ ಸಾಗರಕ್ಕೆ ಬಂದು ಎರಡು ವರ್ಷವಾಗಿತ್ತು. ಅವತ್ತಿನದನ್ನು ನೆನೆದರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ. ಮೊಮ್ಮಕ್ಕಳು ಹತ್ತಿರ ಬಂದರೆ ಅವರನ್ನೂ ಕೂರಿಸಿಕೊಂಡು ಹೇಳುತ್ತೇನೆ.

ನಮ್ಮ ಮಾವ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದವರು. ನಾನು ಬರುವಷ್ಟರಲ್ಲಿ ತೀರಿಕೊಂಡಿದ್ದರು. ನಮ್ಮ ಮನೆಯವರಿಗೆ ಆ ಕೆಲಸ ಬೇಡವಾಗಿತ್ತು. ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಕಲಿತರು. ಕೊನೆಗೆ ಅಲ್ಲಿನ ಯಜಮಾನನ ಜೊತೆ ಜಗಳವಾಡಿ ಬಿಟ್ಟು ಬಂದು, ಮನೆ ಮುಂದೆ ತಗಡಿನ ಶೆಡ್ಡು ಹಾಕಿದರು. "ಆರು ತಿಂಗಳಿಗೆ ನೀನೇ ಬಂದು ನನ್ನ ಕಾಲಿಗೆ ಬೀಳ್ತೀಯ" ಎಂದು ಆತ ಹೇಳಿ ಕಳಿಸಿದ್ದನಂತೆ. ಐದು ತಿಂಗಳು ಬರೀ ಸೈಕಲ್ ಪಂಕ್ಚರಿನಲ್ಲೇ ಕಳೆಯಿತು.

ಆಗ ಹೊಸನಗರದ ದನದ ಡಾಕ್ಟರು ತಮ್ಮ ಇಂಗ್ಲೆಂಡಿನ ಹಳೇ ಮೋಟಾರ್ ಸೈಕಲ್ಲನ್ನು ಲಾರಿಯ ಮೇಲೆ ತಂದಿಳಿಸಿದರು. ಹಿಂದೆ ಹೋದವರಿಗೆ ದಾರಿ ಕಾಣದಷ್ಟು ಹೊಗೆ. ಇಂಜಿನ್ನಿನ ಹೆಡ್ಡಿನಲ್ಲಿ, ಅಂದರೆ ತಲೆಯಲ್ಲಿ, ವಾಲ್ವುಗಳು ಮೇಲೆ ಕೆಳಗೆ ಆಡುವುದಕ್ಕೆ ಎರಡು ಸಣ್ಣ ಕೊಳವೆಗಳಿರುತ್ತವೆ. ಅವಕ್ಕೆ ಗೈಡು ಅನ್ನುತ್ತಾರೆ. ಅವು ಸವೆದು ಎಣ್ಣೆ ಒಳಗಿಳಿದು ಉರಿಯುತ್ತಿತ್ತು. ಡಾಕ್ಟರೇ ಬೊಂಬಾಯಿಯಿಂದ ಹೊಸ ಸ್ಪ್ರಿಂಗು, ಮೂರು ಗೈಡು ತರಿಸಿಕೊಟ್ಟಿದ್ದರು. ಒಂದು ಹೆಚ್ಚಿಗೆ ಇರಲಿ ಎಂದು.

ಇವರು ಹೆಡ್ಡು ಬಿಚ್ಚಿ, ಹಳೆಯವನ್ನು ಹೇಗೋ ಹೊಡೆದು ತೆಗೆದರು. ಹೊಸದನ್ನು ಕೂರಿಸುವಾಗ ಹೆಡ್ಡಿನ ಒಂದು ಬದಿಗೆ ಬೆಂಕಿ ಉಗುಳುವ ಬ್ಲೋ ಲ್ಯಾಂಪ್ ಹಿಡಿದು ಕಾಯಿಸಿ ಸುತ್ತಿಗೆಯಿಂದ ಬಡಿದರು. ಗೈಡು ಅರ್ಧಕ್ಕೆ ಹೋಗಿ ಸೀಳಿತು. ಅದನ್ನೂ ಹೊಡೆದು ತೆಗೆದು, ಇವರು ಸುತ್ತಿಗೆ ಪಕ್ಕಕ್ಕಿಟ್ಟರು.

"ಇನ್ನೊಂದು ಒಡೆದ್ರೆ ಶಿವಮೊಗ್ಗಕ್ಕೆ ಹೋಗಿ ಅವನ ಕಾಲು ಹಿಡಿಯೋದೇ ಕಣೆ" ಎಂದರು ನನಗೆ.

ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಎಲ್ಲ ನೋಡುತ್ತಿದ್ದರು. "ಎಂತಾಯ್ತೋ ನಾಗು?"

"ನಿಂಗೆ ಗೊತ್ತಾಗಲ್ಲಮ್ಮ. ಇದು ಇಂಜಿನ್ನು."

"ಇಂಜಿನ್ ಗೊತ್ತಾಗಲ್ಲ, ಬೆಂಕಿ ಗೊತ್ತಾಗ್ತದೆ. ನಿಮ್ಮಪ್ಪ ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವಾಗ ಹೀಗೆ ಒಂದೇ ಮೂಲೆಗೆ ಬೆಂಕಿ ಕೊಡ್ತಿದ್ರಾ? ಸುತ್ತ ಸೌದೆ ಒಟ್ಟಿ ಒಂದೇ ಸಮ ಕಾಯಿಸ್ತಿದ್ರು. ಕಾದ ಹಳಿ ಹಿಗ್ಗಿ ತಾನಾಗೇ ಇಳೀತಿತ್ತು. ನೀರು ಹೊಯ್ದ್ರೆ ಕಚ್ಕಳ್ತಿತ್ತು."

"ಇದು ಅಲ್ಯೂಮಿನಿಯಂ. ಸೌದೆ ಬೆಂಕಿಗೆ ಹಾಕಿದ್ರೆ ಕರಗಿ ಹೋಗ್ತದೆ."

ಅತ್ತೆ ಬತ್ತಿ ಹೊಸೆಯುವುದು ನಿಲ್ಲಿಸಿದರು. "ಹಾಗಾದ್ರೆ ಕಡುಬು ಬೇಯಿಸ್ದಂಗೆ ಬೇಯ್ಸು" ಎಂದರು.

ನನಗೆ ನಂಬಿಕೆಯೇ ಬರಲಿಲ್ಲ. ಆ ಕಡುಬಿನ ಪಾತ್ರೆ ಅವರ ತವರಿನದು. ಸ್ನಾನ ಮಾಡದೆ ನಾನು ಅದನ್ನು ಮುಟ್ಟುವ ಹಾಗಿರಲಿಲ್ಲ. ಅದನ್ನು ಅವರೇ ತಂದು ಹಿತ್ತಲಿನ ಒಲೆಯ ಮೇಲಿಟ್ಟರು. "ಮೊದ್ಲು ಆ ಮಡ್ಡಿ ತೊಳ್ಕೊಂಡ್ ಬಾರೆ" ಎಂದು ನನಗೆ ಹೇಳಿದರು. ನಾನು ಬಾವಿಕಟ್ಟೆಯಲ್ಲಿ ಕೂತು ಇಂಜಿನ್ ತಲೆಗೆ ಸೀಗೆಪುಡಿ ಹಚ್ಚಿ ಎಣ್ಣೆನೀರು ಮಾಡಿಸಿದೆ.

ಒಂದು ಗಂಟೆ ಕೊತಕೊತ ಬೇಯಿತು. ಗೈಡುಗಳನ್ನು ಕುಗ್ಗಲೆಂದು ಬಾವಿಯ ತಣ್ಣೀರಿನಲ್ಲಿ ಹಾಕಿಟ್ಟಿದ್ದರು. ಇವರು ಗೋಣಿಚೀಲದಲ್ಲಿ ಹಿಡಿದು ಹೆಡ್ಡನ್ನು ಎತ್ತಿ ಹಲಗೆಯ ಮೇಲಿಟ್ಟರು. ಗೈಡು ಒರೆಸಿ, ಚೂರು ಎಣ್ಣೆ ಸವರಿ ತೂತಿಗೆ ಇಟ್ಟರು. ಮೆತ್ತಗೆ ಮೂರು ಏಟು, ಅಷ್ಟೇ. ಅಂಚಿನವರೆಗೂ ನೆಟ್ಟಗೆ ಇಳಿದು ಕೂತಿತು. ಎರಡನೆಯದೂ ಹಾಗೆಯೇ ಇಳಿಯಿತು. ಇವರು ಅತ್ತೆಯ ಮುಖವನ್ನೇ ನೋಡುತ್ತ ನಿಂತರು. "ನನ್ನೆಂತ ನೋಡ್ತೀಯ, ಮುಂದಿನ ಕೆಲ್ಸ ನೋಡು" ಎಂದರು ಅತ್ತೆ.

ಮಾರನೆಯ ದಿನ ಸ್ಪ್ರಿಂಗಿನ ಕೆಲಸ. ಸ್ಪ್ರಿಂಗನ್ನು ಒತ್ತಿ ಹಿಡಿದು, ವಾಲ್ವಿನ ತುದಿಗೆ ಹುಣಸೆಬೀಜದ ಹೋಳಿನಷ್ಟು ಸಣ್ಣ ಎರಡು ಲಾಕು, ಅಂದರೆ ಅದನ್ನು ತಡೆದು ಹಿಡಿಯುವ ಚೂರು, ಕೂರಿಸಬೇಕು. ಇವರದು ದಪ್ಪ ಬೆರಳು. "ಬಳೆ ತೆಗೆದಿಟ್ಟು ಬಾ" ಎಂದು ನನ್ನನ್ನು ಕರೆದರು. ಮೊದಲ ಸಲ ಸ್ಪ್ರಿಂಗು ಜಾರಿ, ಹಾರಿ, ಮೇಲಿನ ತಗಡಿಗೆ ಢಣ್ ಎಂದು ಬಡಿಯಿತು. ಜಗಲಿಯಿಂದ ಅತ್ತೆ, "ಇಬ್ರಿಗೂ ಕಣ್ಣು ನೆಟ್ಟಗಿದಾವಾ?" ಎಂದು ಕೇಳಿದರು. ನಾನು ಬೆರಳನ್ನು ಗ್ರೀಸಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಎರಡು ವಾಲ್ವಿಗೆ ನಾಲ್ಕು ಚೂರನ್ನೂ ಕೂರಿಸಿದೆ.

ಇಂಜಿನ್ ಜೋಡಿಸಿ ಆದ ಮೇಲೆ ಡಾಕ್ಟರು ಬಸ್ಸಿನಲ್ಲಿ ಬಂದರು. ಮೂರನೇ ಒದೆತಕ್ಕೆ ಇಂಜಿನ್ ಶುರುವಾಯಿತು. ಎಲ್ಲರೂ ಹಿಂದೆ ಹೋಗಿ ಬಗ್ಗಿ ನೋಡಿದೆವು. "ಹೊಗೆನೇ ಇಲ್ವಲ್ಲೋ, ಇನ್ನೂ ಹತ್ತಿಲ್ವಾ ಅದು?" ಎಂದರು ಅತ್ತೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಲ್ಲಿ ಕಲಿತೆಯಪ್ಪ ಇದನ್ನ?" ಎಂದು ಕೇಳಿದರು ಇವರನ್ನು. ಶಿವಮೊಗ್ಗ ಅನ್ನುತ್ತಾರೆ ಅಂದುಕೊಂಡಿದ್ದೆ.

"ನಮ್ಮಪ್ಪನ ಹತ್ರ, ಸಾರ್" ಎಂದರು. ಅತ್ತೆ ಒಳಗೆ ಹೋದರು.

ಆಮೇಲೆ ತೀರ್ಥಹಳ್ಳಿ, ಕೋಣಂದೂರಿನಿಂದಲೂ ಗಾಡಿಗಳು ಬಂದವು. ಇವರು ಶಿವಮೊಗ್ಗಕ್ಕೆ ಹೋದದ್ದು ಸಾಮಾನು ತರುವುದಕ್ಕೆ ಮಾತ್ರ. ನಾನು ಆಗಿನ್ನೂ ಹೊಸನಗರ ಕಂಡವಳಲ್ಲ. ಡಾಕ್ಟರು ಯಾವುದೋ ಊರಿಗೆ ಆ ಗಾಡಿಯಲ್ಲಿ ಹೊತ್ತಿಗೆ ಸರಿಯಾಗಿ ಹೋಗಿ ದನ ಬದುಕಿಸಿದರು ಎಂದು ಸುದ್ದಿ ಬಂದಾಗಲೆಲ್ಲ, ಈ ಕೈಯಲ್ಲಿ ಇಟ್ಟ ಚೂರುಗಳೂ ಜೊತೆಗೆ ಹೋಗಿದ್ದವಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಆ ಹಿಗ್ಗು ಇನ್ನೂ ಇಳಿದಿಲ್ಲ.