ಸೀಸದ ಮೇಲಿನ ಹಲ್ಲಿನ ಗುರುತು

ಸೀಸ ಕಚ್ಚಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದಿದ್ದವರು ಪಕ್ಕದ ಮನೆ ಅಕ್ಕನ ಅತ್ತೆ. ಹೋದ ವಾರ ಅವರ ಅಟ್ಟದಿಂದ ಆಧಾರ್ ಕಾರ್ಡಿನ ಡಬ್ಬ ಇಳಿಸುವಾಗ ಹಳೆಯ ಬೀಸುಬಲೆಯೊಂದು ನನ್ನ ಹೆಗಲ ಮೇಲೆ ಬಿತ್ತು. ಅಂಚಿನ ಸೀಸದ ತುಂಡುಗಳಲ್ಲಿ ಅಕ್ಕನ ಹಲ್ಲಿನ ಗುರುತು ಇನ್ನೂ ಇತ್ತು...

ಅಕ್ಕ ಕಿರುಗಾವಲಿನ ನಮ್ಮ ಬೀದಿಗೆ ಸೊಸೆಯಾಗಿ ಬಂದವಳು. ತವರಿನಲ್ಲೂ ಕೆರೆ ಮೀನಿನ ಕಸುಬೇ. ಹಳೆಯ ಬ್ಯಾಟರಿಯ ಸೀಸವನ್ನು ಹಿತ್ತಲಲ್ಲಿ ಬಾಣಲೆಗೆ ಹಾಕಿ ಕರಗಿಸಿ, ಪಟ್ಟಿ ಎರೆದು, ತುಂಡು ಮಾಡಿ, ಬಲೆ ನೀರಲ್ಲಿ ಮುಳುಗಲೆಂದು ಅದರ ಅಂಚಿನ ಹಗ್ಗಕ್ಕೆ ಸುತ್ತಿ ಹಲ್ಲಿನಿಂದ ಅದುಮುತ್ತಿದ್ದಳು. ಇಕ್ಕಳ ಕೊಟ್ಟರೆ ನಗು. “ಎಷ್ಟ್ ಅದುಮ್ಬೇಕು ಅಂತ ಇಕ್ಕಳಕ್ಕೇನ್ ಗೊತ್ತಾದದು? ಏಳ್ ವರ್ಸಕ್ಕೇ ಕಲ್ತೋಳು ಕಣಮ್ಮಿ ನಾನು.” ಹಲ್ಲು ಬರುತ್ತಿದ್ದ ಅವಳ ಹೆಣ್ಣುಕೂಸು ಮಡಿಲಲ್ಲಿ ಕೂತು ಅದೇ ಅಂಚನ್ನು ಚೀಪುತ್ತಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ದಿನವೂ ಮಳವಳ್ಳಿ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದವಳು, ಹೇಳಿಕೊಳ್ಳಲು ಸಂಕೋಚವಿಲ್ಲ. ಸಂಕೋಚ ಬೇರೆಯದಕ್ಕೆ. ಸೀಸ ಎಳೆಯ ಮಿದುಳಿಗೆ ವಿಷ ಎಂದು ಪರೀಕ್ಷೆಯಲ್ಲಿ ಒಂದು ಪುಟ ಬರೆದು ಬಂದು, ಅದೇ ಸಂಜೆ ಅಕ್ಕನ ಪಕ್ಕ ಕೂತು ಪಟ್ಟಿ ಕತ್ತರಿಸಿಕೊಟ್ಟೆ. ಪುಸ್ತಕದ್ದು ಯಾವುದೋ ಊರಿನ ಕಾರ್ಖಾನೆಯ ಸೀಸ, ಇದು ನಮ್ಮ ಹಿತ್ತಲದ್ದು ಅಂದುಕೊಂಡಿದ್ದೆ.

ಮೂರು ತುಂಬಿದರೂ ಕೂಸು ಒಂದು ಮಾತೂ ಆಡಲಿಲ್ಲ. ಆಗ ಸೀಸ ವಿಷವೆಂದು ಬಾಯಿಬಿಟ್ಟೆ. ಅತ್ತೆ ರೇಗಿದರು. “ನಮ್ಮತ್ತೆನೂ ಕಚ್ಚುದ್ರು, ನಾನೂ ಕಚ್ಚುದೆ. ಏನಾಗದೆ ನಂಗೆ? ನಾಕಕ್ಸರ ಕಲ್ತ್ಬುಟ್ಟು ನಮ್ಗೇ ಏಳಕ್ ಬತ್ತೀಯಾ?”

ಆದರೂ ತಾಯಿ ಮಗು ಇಬ್ಬರನ್ನೂ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದೆ. ಇಬ್ಬರ ರಕ್ತದಲ್ಲೂ ಸೀಸವಿತ್ತು. ಡಾಕ್ಟರು ಬಿಡಿಸಿ ಹೇಳಿದರು: ಚಿಕ್ಕಂದಿನಿಂದ ತಾಯಿಯ ಮೂಳೆ ಸೇರಿದ ಸೀಸ ಬಸಿರಿನಲ್ಲಿ ಕೂಸಿಗೂ ಇಳಿಯುತ್ತದೆ. ಅದು ಜೀನನ್ನೇ ಬದಲಿಸಬೇಕಿಲ್ಲ. ಯಾವ ಜೀನು ಯಾವಾಗ ಕೆಲಸ ಮಾಡಬೇಕು ಎಂಬ ಗುರುತುಗಳನ್ನು ಕೆಡಿಸಿದರೂ ಸಾಕು, ಮಿದುಳಿಗೆ ಪೆಟ್ಟು. ಮಾತು ಬಾರದ್ದಕ್ಕೆ ಇದೊಂದೇ ಕಾರಣ ಎನ್ನಲಾಗದು. ಆದದ್ದನ್ನು ಪೂರ್ತಿ ಸರಿಮಾಡಲೂ ಆಗದು.

ಅಕ್ಕ ಕೇಳಿದ್ದು ಇಷ್ಟೇ: “ಅಂಗಾರೆ ಏಳ್ ವರ್ಸದೋಳು ಇದ್ದಾಗ್ಲೇ ನಾನು ಇವ್ಳಿಗೆ ವಿಸ ಇಕ್ಬುಟ್ನಾ ಡಾಕ್ಟ್ರೇ?”

ಡಾಕ್ಟರು ವರದಿ ಮಡಚಿದರು. ನಾನು ಕೂಸನ್ನು ಎತ್ತಿಕೊಂಡೆ.

ಅಂದಿನಿಂದ ಅಕ್ಕ ಸೀಸ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಕೂಸನ್ನು ಎದುರು ಕೂರಿಸಿಕೊಂಡು, “ಅವ್ವಾ ಅನ್ನವ್ವ, ಒಂದ್ ಸಲ ಅನ್ನು” ಎನ್ನುತ್ತಿದ್ದಳು. ಕೂಸು ಅವಳ ಬಾಯನ್ನೇ ನೋಡುತ್ತಿತ್ತು. ಐದು ವರ್ಷದ ಹಿಂದೆ ಅಕ್ಕ ಜ್ವರ ಬಂದು ತೀರಿಹೋದಳು, ಆ ಮಾತು ಕೇಳದೆಯೇ.

ಕೂಸಿಗೆ ಈಗ ಹನ್ನೆರಡು, ಮಾತು ಇನ್ನೂ ಬಂದಿಲ್ಲ. ಮೊನ್ನೆ ಮಂಡ್ಯದಲ್ಲಿ ಆಧಾರ್ ಕಾರ್ಡು ನೋಡಿ, ಅಂಗವಿಕಲರ ಪ್ರಮಾಣಪತ್ರವನ್ನು ಅಜ್ಜಿಯ, ಅಂದರೆ ಅಕ್ಕನ ಅತ್ತೆಯ, ಕೈಗೆ ಕೊಟ್ಟರು. ಅವರಿಗೆ ಓದು ಬರದು. ಮೊಮ್ಮಗಳ ಫೋಟೋದ ಮೇಲೆ ಬೆರಳಾಡಿಸಿ, ಸೀಲು ನೋಡಿ, ಸೆರಗಿನಲ್ಲಿ ಒರೆಸಿ ನನ್ನ ಕಡೆ ತಿರುಗಿದರು.

“ನಮ್ಮನೇಲಿ ಯಾರೂ ಸರ್ಟಿಫಿಕೇಟ್ ತಗಂಡಿರ್ನಿಲ್ಲ ಕಣವ್ವ. ಇವ್ಳೇ ಮೊದುಲು.”