ಸರಸಕ್ಕನಿಗೆ ಕೊಟ್ಟ ಕಾಣಿಕೆ

ಕುಂದಾಪುರದಲ್ಲಿ ಮದುವೆ ರವಿಕೆ ಎಂದರೆ ಉಮಾವತಿಯೇ ಹೊಲಿಯಬೇಕು. ಆ ಕೈಗೆ ಮೊದಲು ಕತ್ತರಿ ಹಿಡಿಸಿದವರು ಕೊಕ್ಕರ್ಣೆಯ ಸರಸಕ್ಕ. ತಮ್ಮ ಜಗಲಿಯಲ್ಲಿ ಕೂರಿಸಿ, ಹಳೆಯ ಸೀರೆಯ ಮೇಲೆ ಬಳಪದಲ್ಲಿ ಗೆರೆ ಎಳೆಸಿ, ತಪ್ಪಿದರೆ ಸ್ಕೇಲಿನಲ್ಲಿ ಬೆರಳಿಗೆ ಕೊಟ್ಟು, ಆಮೇಲೆ ತಾವೇ ಗಂಜಿ ಬಡಿಸುತ್ತಿದ್ದರು. ಅಯ್ಯೋ, ಆ ಗಂಜಿಯ ರುಚಿ! ಈಗಲೂ ಮೆಷಿನ್ ಮುಂದೆ ಕೂತರೆ ಉಮಾವತಿಗೆ ಆ ಜಗಲಿಯೇ ಕಣ್ಣಿಗೆ ಕಟ್ಟುತ್ತದೆ.

ಈಗಿನ ಮದುವಣಗಿತ್ತಿಯರಿಗೋ, ತೋಳಿನ ತುಂಬ ಮಣಿ, ಜರಿಯ ಕಸೂತಿ ಬೇಕು. ಅದು ಬಾರದೆ ಗಿರಾಕಿಗಳು ಕೈತಪ್ಪತೊಡಗಿದರು. ಮುಂಬಯಿಯಲ್ಲಿದ್ದಾಗ ಕಲಿತ ಆ ಕಸೂತಿ ಸರಸಕ್ಕನಿಗೆ ಗೊತ್ತಿತ್ತು. ಐವತ್ತು ದಾಟಿದ ಉಮಾವತಿ ಮತ್ತೆ ಅದೇ ಜಗಲಿ ಹತ್ತಿದಳು. ಮಳೆಗಾಲವಿಡೀ ಕಲಿತು, ಕೊನೆಗೆ ವೀಳ್ಯದ ಮೇಲೆ ಹಣವಿಟ್ಟು ಕೊಟ್ಟು ಕಾಲಿಗೆ ಬಿದ್ದಳು. ಅಂಗಡಿಯ ಲೆಕ್ಕದಲ್ಲಿ ಬರೆದದ್ದೂ ಹಾಗೆಯೇ: ಕೊಕ್ಕರ್ಣೆ, ಕಾಣಿಕೆ.

ತೆರಿಗೆ ಲೆಕ್ಕ ನೋಡುವ ಸುಜನ್ ಪುಸ್ತಕ ತಿರುವುತ್ತಾ ಆ ಸಾಲಿಗೆ ಬಂದು ನಿಂತ.

“ಇದ್ಯಾವ ದೇವಸ್ಥಾನ ಉಮಕ್ಕ?”

“ದೇವಸ್ಥಾನ ಅಲ್ಲ ಮಾರಾಯ, ಕಸೂತಿ ಕಲ್ಸಿದ ನಮ್ ಸರಸಕ್ಕ!”

ಅವನಿಗೆ ನಗು ತಡೆಯಲಾಗಲಿಲ್ಲ. “ಕಾಣ್ಕಿ ಅಂದ್ರೆ ಖರ್ಚಿಗೆ ಸೇರ್ಸುಕ್ ಆತಿಲ್ಲೆ. ನಿಮ್ದೇ ಕಸುಬಿಗೆ ಕಲ್ತದ್ದಲ್ದಾ, ಫೀಸ್ ಅಂದ್ರೆ ಲೆಕ್ಕಕ್ ಬತ್ತ್, ತೆರ್ಗಿ ಕಮ್ಮಿ ಆತ್ತ್. ಅವ್ರ್ ಹತ್ರ ಒಂದ್ ರಶೀದಿ ತಕಂಡ್ ಬನಿ.”

ರಶೀದಿ! ಉಮಾವತಿ ಲೆಕ್ಕದ ಪುಸ್ತಕ ಮುಚ್ಚಿಬಿಟ್ಟಳು. ಕಾಲು ಮುಟ್ಟಿ ಕೊಟ್ಟದ್ದಕ್ಕೆ ರಶೀದಿ ಕೇಳಿದರೆ ಸರಸಕ್ಕ ಇನ್ನು ತನ್ನ ಮುಖ ನೋಡಿಯಾರೇ? ಕೊಕ್ಕರ್ಣೆಗೆ ಹೊರಟ ಬಸ್ಸಿನುದ್ದಕ್ಕೂ ಅದೇ ಸಂಕಟ. ಹಾಳಾದ ತೆರಿಗೆ ಹೋದರೆ ಹೋಗಲಿ ಎಂದು ಬ್ರಹ್ಮಾವರದಿಂದಲೇ ವಾಪಸಾಗಲು ಒಮ್ಮೆ ಮನಸ್ಸಾಯಿತು.

ಸರಸಕ್ಕನ ಜಗಲಿಯಲ್ಲಿ ಚಾ ಕುಡಿದು, ಊರ ಸುದ್ದಿಯೆಲ್ಲ ಮುಗಿದ ಮೇಲೆ ರಶೀದಿ ಕೇಳಿಯೇಬಿಟ್ಟಳು. ಸರಸಕ್ಕ ಚಾ ಲೋಟ ಬದಿಗಿಟ್ಟರು. ಉಮಾವತಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

“ಅದ್ರಗೆ ನಾನ್ ಎಂತ ಅಂದ್ ಬರೀಕ್ ಮಾರಾಯ್ತಿ?”

“ಕಲ್ಸಿದ ಟೀಚರ್ ಅಂದ್ ಬರ್ದ್, ಹೆಸ್ರ್ ಹಾಕಿರೆ ಸಾಕಕ್ಕ.”

ಸರಸಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನಿಧಾನವಾಗಿ ಬರೆದರು. ಟೀಚರ್ ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಇನ್ನೊಂದು ಹಾಳೆಯನ್ನು ಉಮಾವತಿಯ ಮುಂದೆ ಸರಿಸಿದರು.

“ಇಂಥದ್ದೇ ಇನ್ನೊಂದ್ ನೀನ್ ಬರ್ದ್ ಕೊಡ್. ಊರ್ ಹೆಣ್ಮಕ್ಕಳಿಗೆಲ್ಲ ಕಲ್ಸಿದೆ. ನಮ್ ಮನಿಯರ್ ಮಾತ್ರ ಈಗ್ಳೂ, ಸರಸಂಗೆ ಬಟ್ಟಿ ತುಂಡ್ ಮಾಡುದೇ ಕೆಲ್ಸ ಅಂಬ್ರ್. ನಾನ್ ಟೀಚರ್ ಅಂದ್ ಅವ್ರೂ ಒಂದ್ಸಲ ಓದ್ಲಿ.”