ಸಾಬೂನಿನಲ್ಲಿ ಮೂಡಿದ ಅಕ್ಕ

ಹೊಸ ಸಾಬೂನಿನ ಮೇಲೆ ಠೀವಿಯಿಂದ ಎದ್ದು ನಿಂತ ಹೆಸರು ನಾಲ್ಕು ಸ್ನಾನಕ್ಕೆ ಕರಗಿಹೋಗುತ್ತದೆ. ಹೆಸರಿಲ್ಲದ ಸಾಬೂನು ಮಾತ್ರ ಕೊನೆಯವರೆಗೂ ನಿಷ್ಠೆಯಿಂದ ಮೈ ತೊಳೆಯುತ್ತಿರುತ್ತದೆ. ನೀವೂ ಗಮನಿಸಿರಬೇಕು. ನನ್ನನ್ನು ಮಾತ್ರ ಈ ದೃಶ್ಯ ಬಚ್ಚಲಿನಿಂದ ನೇರವಾಗಿ ಶಹಾಪುರದ ನನ್ನ ಹಳೆಯ ಹಟವೊಂದಕ್ಕೆ ಎಳೆದೊಯ್ಯುತ್ತದೆ.

ನಿಜಾಮರ ಸೀಮೆ ಹಿಂದೂಸ್ತಾನದಲ್ಲಿ ವಿಲೀನವಾದ ಹೊಸತು. ಉರ್ದುವಿನಲ್ಲಿ ಕಲಿತ ನಾನು ಕನ್ನಡದಲ್ಲಿ ಪಾಠ ಹೇಳುವ ಮಾಸ್ತರನಾಗಿ, ಬಲದಿಂದ ಓದುವ ಕಣ್ಣುಗಳನ್ನು ಎಡದಿಂದ ಓದಲು ಪಳಗಿಸುತ್ತಿದ್ದೆ. ನಿಜಾಮರ ‘ಹಾಲಿ’ ನಾಣ್ಯ ಮಾಜಿಯಾಗಿ, ಹಿಂದೂಸ್ತಾನದ ‘ಕಲ್ದಾರ’ ಹಾಲಿಯಾಗುವ ವಿಚಿತ್ರ ಕಾಲ ಅದು. ಆಗ ಒಂದು ದಿನ ಪಕ್ಕದ ಮನೆಯ ಕುರಿಗಾರ ಮಲ್ಲಪ್ಪನ ಹೆಂಡತಿ ನೀಲಮ್ಮ ಕೊರಳ ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಮ್ಮ ಹೊಸ್ತಿಲಿಗೆ ಬಂದಳು.

ಆಕೆ ಎರಡನೆಯ ಹೆಂಡತಿ. ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ಎರಡನೆಯವಳು ಪದಕ ಕಟ್ಟಿಕೊಂಡು, ಅದನ್ನೇ ಅಕ್ಕನೆಂದು ಪೂಜಿಸುವ ಪದ್ಧತಿ ಅವರಲ್ಲಿತ್ತು. ಸುರಪುರದ ಗುಡ್ಡದಲ್ಲಿ ಕುರಿ ಮೇಯಿಸುವಾಗ ಸಿಕ್ಕ, ಹೆಣ್ಣಿನ ಮುಖವಿದ್ದ ಬೆಳ್ಳಿ ನಾಣ್ಯಕ್ಕೆ ಮಲ್ಲಪ್ಪ ಕೊಂಡಿ ಹಾಕಿಸಿದ್ದ. ಹೀಗೆ ಹಾಲಿ ಹೆಂಡತಿಯ ಕೊರಳಲ್ಲಿ ಮಾಜಿ ಹೆಂಡತಿ ನೆಮ್ಮದಿಯಾಗಿದ್ದಳು. ಈಗ ಅವನೇ, ಇದೂ ಯಾವುದೋ ಹಳೆಯ ಹಾಲಿಯೇ ಇರಬೇಕು, ನಡೆಯದ ನಾಣ್ಯಕ್ಕೆ ಶಕ್ತಿ ಎಲ್ಲಿಂದ ಬಂತು, ಕರಗಿಸಿಬಿಡೋಣ ಎನ್ನುತ್ತಿದ್ದ.

“ಹಾಲಿ ಬಂದ್ ಆದ್ರ ನಮ್ಮ ಅಕ್ಕನೂ ಬಂದ್ ಆಗ್ತಾಳೇನ್ರಿ ಮಾಸ್ತರ? ನಾ ಬಸುರಿ ಅದೀನ್ರಿ. ಕೂಸಿಗಿ ಯಾರ್ರಿ ಕಾವಲು?” ಎಂದಳು.

ಬಂದ ನಗೆಯನ್ನು ಆಕೆಯ ಅಳುಮುಖ ನೋಡಿ ನುಂಗಿಕೊಂಡೆ. ಈ ಅಕ್ಕ ಯಾರೆಂದು ಪತ್ತೆ ಹಚ್ಚದೆ ಬಿಡುವುದಿಲ್ಲವೆಂದು ಅಲ್ಲೇ ಹಟ ತೊಟ್ಟೆ. ಆದರೆ ಪದಕವನ್ನು ಕೊರಳಿನಿಂದ ತೆಗೆಯುವಂತಿಲ್ಲ. ಪರಸ್ತ್ರೀಯ ಕೊರಳನ್ನು ಭೂತಗನ್ನಡಿ ಹಿಡಿದು ಅಧ್ಯಯನ ಮಾಡುವ ನನ್ನ ಸಂಶೋಧನಾಪ್ರವೃತ್ತಿಗೆ ಮನೆಯವಳ ಅನುಮೋದನೆಯೂ ಇರಲಿಲ್ಲ. ಕಡೆಗೆ ಉಪಾಯ ಹೊಳೆದದ್ದು ಅವಳಿಗೇ. ಒದ್ದೆ ಸಾಬೂನಿನ ಮೇಲೆ ನೀಲಮ್ಮನ ಪದಕ ಒತ್ತಿಸಿ ತಂದುಕೊಟ್ಟಳು. ತುರುಬು ಎತ್ತಿ ಕಟ್ಟಿದ ಮುಖವೊಂದು ಅದರಲ್ಲಿ ಮೂಡಿತ್ತು. ಸುತ್ತಲಿನ ಬರಹ ಅರಿಸಿನದ ಬೆರಳುಗಳಿಗೆ ಸವೆದು ನಾಲ್ಕೇ ಇಂಗ್ಲಿಷ್ ಅಕ್ಷರಗಳು ಉಳಿದಿದ್ದವು: ಎ, ವಿ, ಐ, ಡಿ. ಮೊದಲಿನ ‘ಡಿ’ ಸವೆದಿರಬೇಕು, ಇವನು ಡೇವಿಡ್ ಎಂಬ ಯಾರೋ ಸಾಹೇಬ ಎಂದು ಘೋಷಿಸಿದೆ.

“ಅಕ್ಕನ್ನ ಸಾಹೇಬನ್ನ ಮಾಡಿಬಿಟ್ರಲ್ರಿ! ಸಾಹೇಬಗ ತುರುಬು ಇರ್ತೈತೇನ್ರಿ?” ಎಂದು ನೀಲಮ್ಮ ಅಳುವುದನ್ನೇ ಮರೆತು ಕೇಳಿದಳು.

ಮಾನ ಹೋಯಿತು, ಹಟ ಹೋಗಲಿಲ್ಲ. ಸಾಬೂನನ್ನು ಕರವಸ್ತ್ರದಲ್ಲಿ ಸುತ್ತಿ ಶಾಲೆಗೂ ಒಯ್ಯತೊಡಗಿದೆ. ಮಾಸ್ತರರಿಗೆ ಮಡಿ ಹೆಚ್ಚಾಗಿದೆ ಎಂದು ಜನ ಆಡಿಕೊಂಡರು. ಒಂದು ಮಧ್ಯಾಹ್ನ ದಣಿದ ಕಣ್ಣುಗಳು ಹಳೆಯ ಉರ್ದು ಚಾಳಿಗೆ ಬಿದ್ದು ಬಲದಿಂದ ಓದಿದವು: ಡಿ, ಐ, ವಿ, ಎ. ದಿವಾ! ಒತ್ತಿದ ಅಚ್ಚಿನಲ್ಲಿ ಅಕ್ಷರಗಳು ತಿರುವುಮುರುವಾಗುತ್ತವೆಂಬ ಸರಳ ಸತ್ಯವೂ, ಸವಕಲೆಂದು ನಾನು ಕಡೆಗಣಿಸಿದ್ದ ಎಡಮುಖದ ‘ಡಿ’ಯ ಗುಟ್ಟೂ ಆಗ ಹೊಳೆದವು. ಮರೆಯಲು ಹೆಣಗುತ್ತಿದ್ದ ವಿದ್ಯೆಯೇ ಕೈ ಹಿಡಿದದ್ದಕ್ಕೆ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಯಾದಗಿರಿಗೆ ಬಸ್ಸು ಹಿಡಿದು, ಲ್ಯಾಟಿನ್ ಬಲ್ಲ ಮುದುಕ ಪಾದ್ರಿಯೊಬ್ಬರ ಮುಂದೆ ಸಾಬೂನಿಟ್ಟೆ. ಅವರು ಅಕ್ಷರ ನೋಡಿದರು, ತುರುಬು ನೋಡಿದರು. ಇದು ರೋಮ್ ಸಾಮ್ರಾಜ್ಯದ ನಾಣ್ಯ. ದಿವಾ ಎಂದರೆ ತೀರಿಕೊಂಡು ದೇವತೆಯಾದವಳು. ಅಗಲಿದ ರಾಣಿಯ ನೆನಪಿಗೆ ಚಕ್ರವರ್ತಿಯೊಬ್ಬ ಟಂಕಿಸಿದ್ದು ಎಂದರು. ನಮ್ಮ ‘ದಿವಂಗತ’ಕ್ಕೂ ನೆಂಟಸ್ತಿಕೆ ಇರಬೇಕೆಂದು ನಾನೂ ನನ್ನ ಪಾಂಡಿತ್ಯ ಸೇರಿಸಿದೆ. ರಾಣಿಯ ಹೆಸರು ಮಾತ್ರ ಸವೆದೇ ಹೋಗಿತ್ತು.

ಊರಿಗೆ ಮರಳಿ ಗಂಡಹೆಂಡಿರನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಹಾಲಿ, ಕಲ್ದಾರ ಎರಡೂ ಹೋದರೂ ಈಕೆಗೆ ಬಂದ್ ಎಂಬುದಿಲ್ಲ ಎಂದೆ. ನೀಲಮ್ಮ ಪದಕವನ್ನು ಕಣ್ಣಿಗೊತ್ತಿಕೊಂಡಳು. ಮಲ್ಲಪ್ಪ “ಹಂಗಾರ ಆ ಅರಸಗೂ ನನ್ನಂಗ ಆಗಿತ್ತು ಅನ್ರಿ” ಎಂದು ರುಮಾಲಿನಿಂದ ಮುಖ ಒರೆಸಿಕೊಂಡ. ಕರಗಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಹುಟ್ಟಿದ್ದು ಹೆಣ್ಣು ಕೂಸು. ದಿವಾ ಎಂಬುದು ನಾಲಿಗೆಗೆ ಹೊರಳದೆ ದೇವಮ್ಮ ಎಂದು ಹೆಸರಿಟ್ಟರು. ಅಂದಿನಿಂದ ಸಾಬೂನಿನ ಹೆಸರು ಕರಗುವಾಗ ನನಗೆ ಮರುಕವಾಗುವುದಿಲ್ಲ. ಅದು ಯಾವ ಮನೆಯ ತೊಟ್ಟಿಲಿಗೆ ಹೋಯಿತೋ ಎಂದುಕೊಂಡು ಬೆನ್ನು ಉಜ್ಜಿಕೊಳ್ಳುತ್ತೇನೆ.